ಕೋಲಾರ–ಚಿಕ್ಕಬಳ್ಳಾಪುರದ ಹಳೇ ನ್ಯಾರೋ ಗೇಜ್ ದಾರಿ ಹುಡುಕುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಸುತ್ತಿಕೊಂಡು ಯಲಹಂಕದವರೆಗೆ ಒಂದು ಸಣ್ಣ ರೈಲು ಓಡುತ್ತಿತ್ತು. ಈ ಕಡೆ ಹುಟ್ಟಿ ಬೆಳೆದ ಹಿರಿಯರಿಗೆ ಇದು ಹೊಸ ವಿಷಯ ಅಲ್ಲ. ಆದರೆ ಇವತ್ತು ಆ ದಾರಿಯಲ್ಲಿ ಏನು ಉಳಿದಿದೆ, ಅದನ್ನು ಎಲ್ಲಿ ಹುಡುಕಬೇಕು, ಸಿಕ್ಕಿದ್ದು ಅದೇನಾ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ಇದನ್ನು ಹಂತ ಹಂತವಾಗಿ ಬರೆದವರು ಕಡಿಮೆ. ಹಾಗಾಗಿ ಈ ಬರಹ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಡಿನ ಮಧ್ಯೆ ತುಕ್ಕು ಹಿಡಿದ ಹಳಿ, ಬಳ್ಳಿ ಹಬ್ಬಿದ ಎಂಜಿನ್ ಅಂಥದ್ದೆಲ್ಲ ಕಲ್ಪನೆ ಮಾಡಿಕೊಂಡು ಹೊರಡಬೇಡಿ. ಈ ಸಾಲನ್ನು ಬಿಟ್ಟು ಹೋಗಲಿಲ್ಲ, ಬ್ರಾಡ್ ಗೇಜ್ ಮಾಡಿದರು. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ, ಸಣ್ಣ ರೈಲಿನದ್ದು ನ್ಯಾರೋ, ದೊಡ್ಡ ರೈಲಿನದ್ದು ಬ್ರಾಡ್. ದೊಡ್ಡ ರೈಲು ಸಣ್ಣ ರೈಲಿನ ದಾರಿಯನ್ನೇ ಹೆಚ್ಚುಕಡಿಮೆ ನುಂಗಿಕೊಂಡಿತು. ಆದರೆ ಪೂರ್ತಿ ನುಂಗಲು ಆಗಲಿಲ್ಲ. ಸಣ್ಣ ರೈಲು ತಿರುಗಿದಷ್ಟು ಸಲೀಸಾಗಿ ದೊಡ್ಡ ರೈಲು ತಿರುಗುವುದಿಲ್ಲ ನೋಡಿ, ಅದಕ್ಕೆ ತಿರುವು ಇದ್ದ ಕಡೆ ಹೊಸ ಸಾಲನ್ನು ನೇರ ಮಾಡಿ ಹಳೆಯದನ್ನು ಪಕ್ಕಕ್ಕೆ ಬಿಡಬೇಕಾಗುತ್ತದೆ. ನಾವು ಹುಡುಕುವುದು ಆ ಬಿಟ್ಟ ತುಂಡುಗಳನ್ನು. ತಿರುವು ಹುಡುಕಿ, ಹಳೇ ದಾರಿ ತಾನಾಗಿ ಸಿಗುತ್ತದೆ.

ಹೊರಡುವ ಮುಂಚೆ: ಸಾಲಿನ ಕಥೆ ಸ್ವಲ್ಪ

ಇದು ಒಂದೇ ಸಲಕ್ಕೆ ಹಾಕಿದ ಸಾಲಲ್ಲ. ಎರಡು ಕಡೆಯಿಂದ ಬಂದು ಸೇರಿದ್ದು. ಪೂರ್ವದ ಕಡೆಯಿಂದ ಕೋಲಾರ ಡಿಸ್ಟ್ರಿಕ್ಟ್ ರೈಲ್ವೆ, ಅದರ ಬೌರಿಂಗ್‌ಪೇಟೆ–ಕೋಲಾರ ಭಾಗ 1913ರಲ್ಲಿ ಶುರುವಾಯಿತು. ಪಶ್ಚಿಮದ ಕಡೆಯಿಂದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ, ಅದು 1915ರದ್ದು. ಎರಡೂ 2 ಅಡಿ 6 ಇಂಚಿನ ಗೇಜು, ಅಂದರೆ 762 ಮಿ.ಮೀ. ಈಗಿನ ಬ್ರಾಡ್ ಗೇಜ್ 1,676 ಮಿ.ಮೀ., ಹಳೆಯದು ಅದರ ಅರ್ಧಕ್ಕೂ ಕಡಿಮೆ ಆಯಿತಲ್ವಾ.

ಬೌರಿಂಗ್‌ಪೇಟೆ ಅಂದರೆ ಇವತ್ತಿನ ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರು. ಹಳೇ ನಕ್ಷೆ, ಹಳೇ ಕಾಗದ ನೋಡುವಾಗ ಈ ಹೆಸರಲ್ಲೇ ಹುಡುಕಬೇಕು, ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ಬೆಂಗಳೂರು–ಜೋಲಾರಪೇಟೆ ಬ್ರಾಡ್ ಗೇಜ್ ಸಾಲು 1864ರಿಂದಲೇ ಇತ್ತು. ಹಾಗಾಗಿ ಬಂಗಾರಪೇಟೆಯಲ್ಲಿ ಇಳಿದು ಸಣ್ಣ ರೈಲು ಹತ್ತುವುದು ಕೋಲಾರದವರಿಗೆ ಮಾಮೂಲಿ ಕೆಲಸ. ಎರಡೂ ಸಾಲು ಶುರುವಾದಾಗ ಮೈಸೂರಿನ ದಿವಾನರಾಗಿದ್ದವರು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು, 1912ರಿಂದ 1918ರವರೆಗೆ. ಅವರ ಹುಟ್ಟೂರಿನ ಹತ್ತಿರವೇ ರೈಲು ಹಾದುಹೋಯಿತು.

ಗೇಜ್ ಬದಲಾವಣೆಯೂ ಒಂದೇ ಸಲ ಆಗಲಿಲ್ಲ. ಎರಡು ತುದಿಗಳು, ಅಂದರೆ ಯಲಹಂಕ–ಚಿಕ್ಕಬಳ್ಳಾಪುರ ಮತ್ತು ಬಂಗಾರಪೇಟೆ–ಕೋಲಾರ, 1990ರ ದಶಕದಲ್ಲೇ ಬ್ರಾಡ್ ಗೇಜ್ ಆದವು. ಮಧ್ಯದ ಕೋಲಾರ–ಚಿಕ್ಕಬಳ್ಳಾಪುರ ಭಾಗ ಮಾತ್ರ ಎಳೆದಾಡಿ ಎಳೆದಾಡಿ 2013ಕ್ಕೆ ಮುಗಿಯಿತು. ಇದು ಸುಮ್ನೆ ಇತಿಹಾಸಕ್ಕೆ ಹೇಳಿದ್ದಲ್ಲ. ಮಧ್ಯದ ಭಾಗ ತಡವಾಗಿ ಬದಲಾದ್ದರಿಂದ ಅಲ್ಲಿನ ಹಳೇ ರೂಪ ಉಪಗ್ರಹ ಚಿತ್ರಗಳಲ್ಲಿ ಸಿಕ್ಕಿಹಾಕಿಕೊಂಡಿದೆ. ಹೊಸಬರು ಇದೇ ಭಾಗದಿಂದ ಶುರು ಮಾಡುವುದು ಒಳ್ಳೆಯದು.

ಹಂತ 1: ಹಳೇ ನಕ್ಷೆ ಹುಡುಕಿ

ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಂದರೆ ನೆಲದ ಏರಿಳಿತ, ದಾರಿ, ಕೆರೆ ಎಲ್ಲ ತೋರಿಸುವ ನಕ್ಷೆಯ ಹಾಳೆ, ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಹಾಳೆ ನಂಬರ್ ನೆನಪಿಟ್ಟುಕೊಳ್ಳುವುದು ಸುಲಭ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ನಂದಿ, ದೇವನಹಳ್ಳಿ ಎಲ್ಲ 57 ಜಿ ಒಳಗೆ. ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ 57 ಕೆ ಒಳಗೆ. ಬಂಗಾರಪೇಟೆ 13 ಡಿಗ್ರಿ ಅಕ್ಷಾಂಶದ ಸ್ವಲ್ಪ ಕೆಳಗೆ ಬೀಳುತ್ತದೆ, ಅದಕ್ಕೆ 57 ಎಲ್ ಬೇಕು. 78 ಡಿಗ್ರಿ ರೇಖಾಂಶ ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ಮಧ್ಯೆ ಹಾದುಹೋಗುತ್ತದೆ. ಸಾಲು ಅಲ್ಲಿ ಒಂದು ಹಾಳೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ.

ಹಳೇ ಹಾಳೆಗಳು ಒಂದು ಇಂಚಿಗೆ ಒಂದು ಮೈಲಿ ಲೆಕ್ಕದವು, ಹೊಸವು 1:50,000, ಅಂದರೆ ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರು. ನಮಗೆ ಹಳೆಯದೇ ಜಾಸ್ತಿ ಉಪಯೋಗ. ಸಿಗದಿದ್ದರೆ ಅಮೆರಿಕ ಸೇನೆಯವರು 1950ರ ದಶಕದಲ್ಲಿ ಮಾಡಿದ 1:2,50,000 ನಕ್ಷೆಗಳು ಟೆಕ್ಸಾಸ್ ವಿಶ್ವವಿದ್ಯಾಲಯದ ಲೈಬ್ರರಿ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಅದರಲ್ಲಿ ಮೋರಿ, ಕಟಿಂಗ್ ಎಲ್ಲ ಕಾಣುವುದಿಲ್ಲ, ಆದರೆ ಸಾಲು ಯಾವ ಊರಿನ ಯಾವ ಪಕ್ಕ ಹೋಗುತ್ತಿತ್ತು ಅಂತ ತಿಳಿಯಲು ಸಾಕು.

ಟೋಪೋಶೀಟ್ ಕೈಗೆ ಬಂದ ಮೇಲೆ ಮೊದಲು ಕೆಳಗಿನ ಗುರುತುಗಳ ಪಟ್ಟಿ ಓದಿ. ಬ್ರಾಡ್ ಗೇಜ್‌ಗೆ ಒಂದು ಗುರುತು, ಉಳಿದ ಗೇಜ್‌ಗಳಿಗೆ ಇನ್ನೊಂದು. ಸಾಲಿನ ಅಕ್ಕಪಕ್ಕ ಸಣ್ಣ ಸಣ್ಣ ಅಡ್ಡಗೆರೆ ಕಂಡರೆ ಅದು ಮಣ್ಣಿನ ಏರಿ ಅಥವಾ ಗುಡ್ಡ ಕಡಿದ ಕಟಿಂಗ್. ಪಕ್ಕದಲ್ಲಿ '4 ಆರ್' ಅಥವಾ '12 ಆರ್' ಅಂತ ಬರೆದಿದ್ದರೆ ಅದು ಸುತ್ತಲಿನ ನೆಲಕ್ಕಿಂತ ಎಷ್ಟು ಎತ್ತರ ಅಥವಾ ಆಳ ಅಂತ. ಹಳೇ ಹಾಳೆಯಲ್ಲಿ ಅಡಿ ಲೆಕ್ಕ, ಹೊಸ ಹಾಳೆಯಲ್ಲಿ ಮೀಟರ್ ಲೆಕ್ಕ. ಇಂಥ ಜಾಗಗಳಿಗೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಸಮತಟ್ಟಾದ ಕಡೆ ಹಳೇ ದಾರಿ ಉತ್ತು ಹೊಲ ಆಗಿಬಿಟ್ಟಿರುತ್ತದೆ, ಏರಿ ಮತ್ತು ಕಟಿಂಗ್ ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ.

ಇನ್ನೊಂದು ವಿಷಯ. ಹಳೇ ನಕ್ಷೆಯ ಅಕ್ಷಾಂಶ ರೇಖಾಂಶವನ್ನು ನೇರ ಫೋನಿಗೆ ಹಾಕಿದರೆ ನೂರಿನ್ನೂರು ಮೀಟರ್ ಆಚೀಚೆ ಆಗಬಹುದು. ಆ ಕಾಲದ ಸರ್ವೆಯ ಲೆಕ್ಕವೇ ಬೇರೆ, ಜಿಪಿಎಸ್ ಲೆಕ್ಕವೇ ಬೇರೆ. ಬದಲಾಗದ ಒಂದು ಗುರುತು ಹಿಡಿದು ಸರಿ ಮಾಡಿಕೊಳ್ಳಿ, ಕೆರೆಯ ಕೋಡಿ, ಬೆಟ್ಟದ ತುದಿ, ಹಳೇ ದೇವಸ್ಥಾನ, ಇಂಥದ್ದು.

ಹಂತ 2: ಉಪಗ್ರಹ ಚಿತ್ರದಲ್ಲಿ ತಿರುವು ಅಳೆಯಿರಿ

ಇದೇ ಮುಖ್ಯ ಹಂತ, ನಿಧಾನವಾಗಿ ಓದಿ.

ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆಗೆದು ಈಗಿನ ರೈಲು ಸಾಲಿನ ಮೇಲೆ ಕೋಲಾರದಿಂದ ಚಿಕ್ಕಬಳ್ಳಾಪುರದ ಕಡೆಗೆ ನಿಧಾನಕ್ಕೆ ಸಾಗಿ. ಮೇಲೆ ಹಳೇ ಚಿತ್ರ ತೋರಿಸುವ ಗಡಿಯಾರದ ಗುರುತು ಇರುತ್ತದೆ. ಅದನ್ನು ಒತ್ತಿ 2013ಕ್ಕಿಂತ ಹಿಂದಿನ ಚಿತ್ರ ಇದೆಯಾ ನೋಡಿ. ಬೇಸಿಗೆಯ ಚಿತ್ರ ಸಿಕ್ಕರೆ ಒಳ್ಳೆಯದು, ಬೆಳೆ ಇರುವುದಿಲ್ಲ, ನೆಲದ ಬಣ್ಣದ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಹೊಸ ಸಾಲಿನ ಪಕ್ಕದಲ್ಲಿ ಬಿಲ್ಲಿನ ಥರ ಬಾಗಿ ಹೋಗಿ ಮತ್ತೆ ಬಂದು ಸೇರುವ ಗೆರೆ ಕಂಡರೆ ಅಲ್ಲಿ ನಿಲ್ಲಿ. ಅದು ಗೆರೆಯಾಗಿಯೇ ಕಾಣಬೇಕೆಂದಿಲ್ಲ. ಒಂದೇ ಸಾಲಿನಲ್ಲಿ ಬೆಳೆದ ಜಾಲಿ ಮರಗಳು, ಹೊಲಗಳ ನಡುವೆ ಕಾರಣವಿಲ್ಲದೆ ಬಾಗಿದ ಬದು, ಸರ್ವೆ ಕಲ್ಲಿನ ಲೆಕ್ಕಕ್ಕೆ ಸೇರದ ಉದ್ದ ಪಟ್ಟಿ, ಇವೆಲ್ಲ ಸುಳಿವು.

ಈಗ ಅದು ನಿಜವಾಗಿ ರೈಲಿನ ತಿರುವಾ, ಸುಮ್ನೆ ಬಂಡಿ ದಾರಿಯಾ? ಇದಕ್ಕೆ ರೈಲ್ವೆಯವರದ್ದೇ ಒಂದು ಲೆಕ್ಕ ಇದೆ. ಭಾರತೀಯ ರೈಲ್ವೆಯಲ್ಲಿ ತಿರುವನ್ನು ಡಿಗ್ರಿಯಲ್ಲಿ ಹೇಳುತ್ತಾರೆ, 1,750ನ್ನು ಡಿಗ್ರಿಯಿಂದ ಭಾಗಿಸಿದರೆ ತ್ರಿಜ್ಯ ಮೀಟರಿನಲ್ಲಿ ಬರುತ್ತದೆ. ಬ್ರಾಡ್ ಗೇಜ್‌ಗೆ ಗರಿಷ್ಠ 10 ಡಿಗ್ರಿ, ಅಂದರೆ 175 ಮೀಟರಿಗಿಂತ ಕಡಿಮೆ ತ್ರಿಜ್ಯದ ತಿರುವು ಹಾಕುವಂತಿಲ್ಲ. ಮೀಟರ್ ಗೇಜ್‌ಗೆ 16 ಡಿಗ್ರಿ. ನ್ಯಾರೋ ಗೇಜ್‌ಗೆ 40 ಡಿಗ್ರಿಯವರೆಗೂ ಬಿಡುತ್ತಾರೆ, ಅಂದರೆ ಸುಮಾರು 44 ಮೀಟರ್ ತ್ರಿಜ್ಯ. ಇದು ಪುಸ್ತಕದ ಕೊನೇ ಮಿತಿ. ನಮ್ಮ ಬಯಲುಸೀಮೆಯಂಥ ನೆಲದಲ್ಲಿ ಯಾರೂ ಅಷ್ಟು ಬಿಗಿಯಾಗಿ ತಿರುಗಿಸುವುದಿಲ್ಲ, ಬೆಟ್ಟದ ರೈಲಿಗೆ ಬೇಕಾಗುವ ಮಿತಿ ಅದು.

ಪರದೆಯ ಮೇಲೆ ಅಳೆಯುವುದು ಹೀಗೆ. ಬಾಗಿದ ಗೆರೆಯ ಮೇಲೆ 100 ಮೀಟರ್ ದೂರದ ಎರಡು ಬಿಂದು ಹಿಡಿದು ನೇರ ಗೆರೆ ಎಳೆಯಿರಿ. ಆ ನೇರ ಗೆರೆಯ ಮಧ್ಯದಿಂದ ತಿರುವಿನವರೆಗೆ ಎಷ್ಟು ಮೀಟರ್ ಅಂತ ನೋಡಿ. ರೈಲ್ವೆಯವರು ಇದನ್ನು ವರ್ಸೈನ್ ಅನ್ನುತ್ತಾರೆ. ಇದು 7 ಮೀಟರಿಗಿಂತ ಜಾಸ್ತಿ ಬಂದರೆ ಬ್ರಾಡ್ ಗೇಜ್ ಅಲ್ಲಿ ಹೋಗಲು ಸಾಧ್ಯವೇ ಇಲ್ಲ. ಹೊಸ ಸಾಲು ಅದನ್ನು ಬಿಟ್ಟು ಪಕ್ಕಕ್ಕೆ ಹೋಗಲೇಬೇಕು. 4 ಮೀಟರ್ ಬಂದರೆ ತ್ರಿಜ್ಯ ಸುಮಾರು 312 ಮೀಟರ್, ದೊಡ್ಡ ರೈಲೂ ಹೋಗಬಹುದು, ಆದರೆ ಓಟ ಕಡಿಮೆ ಮಾಡಬೇಕು, ಅದಕ್ಕೇ ಇಂಥ ತಿರುವನ್ನೂ ಗೇಜ್ ಬದಲಾಯಿಸುವಾಗ ಸಡಿಲ ಮಾಡುವುದುಂಟು. ಇನ್ನೊಂದು ಕಡೆ, 50 ಮೀಟರ್ ಗೆರೆಗೇ 7 ಮೀಟರಿಗಿಂತ ಜಾಸ್ತಿ ಬಂತು ಅಂದರೆ ಅದು ಸಣ್ಣ ರೈಲಿಗೂ ಆಗದ ತಿರುವು. ಬಂಡಿ ದಾರಿ ಅಂತ ಬಿಟ್ಟು ಮುಂದೆ ಹೋಗಿ.

ಹೀಗೆ ಸಿಕ್ಕ ಜಾಗಗಳನ್ನೆಲ್ಲ ಗುರುತು ಹಾಕಿ ಒಂದು ಕಡತ ಮಾಡಿಕೊಳ್ಳಿ. ಇಸ್ರೋದ ಭುವನ್ ತಾಣದಲ್ಲೂ ಒಂದು ಸಲ ನೋಡಿ, ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುವುದುಂಟು.

ಹಂತ 3: ದಿಶಾಂಕ್ ಮತ್ತು ಗ್ರಾಮ ನಕ್ಷೆ

ನಮ್ಮ ಕರ್ನಾಟಕದವರಿಗೆ ಸಿಕ್ಕಿರುವ ಒಂದು ಅನುಕೂಲ ಇದು. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಹಳೇ ಗ್ರಾಮ ನಕ್ಷೆಗಳೂ ಇಲಾಖೆಯ ತಾಣದಲ್ಲಿ ಊರಿನ ಹೆಸರು ಕೊಟ್ಟರೆ ಇಳಿಯುತ್ತವೆ. ರೈಲ್ವೆಗೆ ಬಿಟ್ಟ ಜಮೀನು ಬಹಳ ಕಡೆ ಉದ್ದಕ್ಕೆ ಒಂದೇ ಅಗಲದ ಪಟ್ಟಿಯಾಗಿ ಕಾಣುತ್ತದೆ, ಅಕ್ಕಪಕ್ಕದ ಹೊಲಗಳನ್ನು ಓರೆಯಾಗಿ ಕತ್ತರಿಸಿಕೊಂಡು ಹೋಗಿರುತ್ತದೆ. ನೆಲದ ಮೇಲೆ ಏನೂ ಉಳಿಯದಿದ್ದರೂ ಈ ಪಟ್ಟಿ ಕಾಗದದಲ್ಲಿ ಉಳಿದಿರುತ್ತದೆ. ಅನುಮಾನ ಬಂದರೆ ಆ ಸರ್ವೆ ನಂಬರಿನ ಪಹಣಿ ತೆಗೆದು ಯಾರ ಹೆಸರಲ್ಲಿದೆ ನೋಡಿ. ಇದನ್ನು ಹೊರಡುವ ಮುಂಚೆಯೇ ಮಾಡಿ. ಯಾರದೋ ಹೊಲದಲ್ಲಿ ನಿಂತು ಫೋನ್ ಹಿಡಿದು ಸರ್ವೆ ನಂಬರ್ ನೋಡುತ್ತಿದ್ದರೆ ಹಳ್ಳಿಯವರು ಜಮೀನು ಬ್ರೋಕರ್ ಅಂದುಕೊಳ್ಳುತ್ತಾರೆ. ದೇವನಹಳ್ಳಿ ಕಡೆಯಂತೂ ಕೇಳಲೇಬೇಡಿ.

ಹಂತ 4: ಒಂದು ಸಲ ರೈಲಲ್ಲಿ ಹೋಗಿ

ಕಾಲ್ನಡಿಗೆಗೆ ಮುಂಚೆ ಈಗಿನ ಪ್ಯಾಸೆಂಜರ್ ರೈಲಿನಲ್ಲಿ ಪೂರ್ತಿ ದಾರಿ ಹೋಗಿಬನ್ನಿ. ಟಿಕೆಟ್ ದುಡ್ಡು ಜಾಸ್ತಿ ಏನಿಲ್ಲ. ರೈಲುಗಳು ಕಡಿಮೆ, ಸಮಯವೂ ಬದಲಾಗುತ್ತಿರುತ್ತದೆ, ಹಿಂದಿನ ದಿನ ನೋಡಿಕೊಂಡು ಹೊರಡಿ. ಹೋಗುವಾಗ ಒಂದು ಕಿಟಕಿ, ಬರುವಾಗ ಇನ್ನೊಂದು ಪಕ್ಕದ ಕಿಟಕಿ. ಫೋನಿನಲ್ಲಿ ಜಿಪಿಎಸ್ ದಾರಿ ದಾಖಲಾಗುತ್ತಿರಲಿ, ಪಕ್ಕದಲ್ಲಿ ಹಳೇ ಕಲ್ಲಿನ ಮೋರಿಯೋ, ಒಂಟಿಯಾಗಿ ನಿಂತ ಸೇತುವೆಯ ಕಂಬವೋ ಕಂಡರೆ ಆ ಕ್ಷಣದ ಫೋಟೋ ತೆಗೆದರೆ ಸಾಕು, ಜಾಗ ತಾನಾಗಿ ದಾಖಲಾಗುತ್ತದೆ. ಬಾಗಿಲಲ್ಲಿ ಜೋತು ಬೀಳಬೇಡಿ.

ಹಂತ 5: ನೆಲದ ಮೇಲೆ. ರೈಲಿನ ಏರಿಯೋ, ಕೆರೆಯ ಏರಿಯೋ?

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಎಡವಿದರೆ ಕೆರೆ. ಅಂದಮೇಲೆ ಎಲ್ಲಿ ನೋಡಿದರೂ ಏರಿ. ಹೊಸಬರು ಎಡವುವುದು ಇಲ್ಲೇ.

ಕೆರೆ ಏರಿ ತಗ್ಗಿಗೆ ಅಡ್ಡ ಕಟ್ಟಿರುತ್ತದೆ, ಎರಡೂ ತುದಿಯಲ್ಲಿ ಎತ್ತರದ ನೆಲಕ್ಕೆ ಸೇರಿ ಅಲ್ಲಿಗೆ ಮುಗಿಯುತ್ತದೆ. ನೀರಿನ ಪಕ್ಕ ಕಲ್ಲು ಹೊದಿಸಿರುತ್ತದೆ. ತೂಬು ಇರುತ್ತದೆ, ಒಂದು ಪಕ್ಕ ಕೋಡಿ ಇರುತ್ತದೆ. ರೈಲಿನ ಏರಿ ಹಾಗಲ್ಲ. ಅದು ತಗ್ಗನ್ನು ದಾಟಿ ಮುಂದೆ ಹೋಗಲೇಬೇಕು. ಎತ್ತರದ ನೆಲ ಬಂದ ಕೂಡಲೇ ಏರಿ ಮುಗಿದು ಕಟಿಂಗ್ ಶುರುವಾಗುತ್ತದೆ, ಏರಿಗೆ ಹಾಕಿದ ಮಣ್ಣು ಅನೇಕ ಸಲ ಆ ಕಟಿಂಗ್‌ನಿಂದಲೇ ಬಂದಿರುತ್ತದೆ. ಏರಿಯ ತುದಿಯಲ್ಲಿ ನಿಂತು ಮುಂದೆ ನೋಡಿ. ಅದೇ ಮಟ್ಟದಲ್ಲಿ, ಅದೇ ದಿಕ್ಕಿನಲ್ಲಿ ಗುಡ್ಡ ಸೀಳಿದೆಯಾ? ಇದ್ದರೆ ಅನುಮಾನ ಬೇಡ.

ಎರಡನೇ ಪರೀಕ್ಷೆ ಇಳಿಜಾರು. ಬಂಡಿ ದಾರಿ ಎಲ್ಲಿ ಬೇಕಾದರೂ ತಟ್ಟನೆ ಏರಿ ಇಳಿಯುತ್ತದೆ. ರೈಲಿನ ದಾರಿಯಲ್ಲಿ ಹತ್ತುತ್ತಿದ್ದೀರಿ ಅಂತ ಕಾಲಿಗೆ ಗೊತ್ತೇ ಆಗುವುದಿಲ್ಲ. ಹಿಂದೆ ತಿರುಗಿ ನೋಡಿದಾಗಲೇ ತಿಳಿಯುವುದು.

ಮೂರನೆಯದು ಅಗಲ. ನ್ಯಾರೋ ಗೇಜ್ ಏರಿಯ ತಲೆ ಸುಮಾರು 12 ಅಡಿ, ಮಳೆಗೆ ಸವೆದು ಇನ್ನೂ ಕಡಿಮೆ ಆಗಿರಬಹುದು. ಬ್ರಾಡ್ ಗೇಜ್ ಏರಿ ಅದರ ಎರಡರಷ್ಟರ ಹತ್ತಿರ. ಮಣ್ಣಿನಲ್ಲಿ ಕಾಲಿನಿಂದ ಸ್ವಲ್ಪ ಕೆದಕಿ, ಒಂದೇ ಗಾತ್ರಕ್ಕೆ ಒಡೆದ ಜಲ್ಲಿ ಸಿಕ್ಕರೆ ಒಳ್ಳೆಯ ಸೂಚನೆ. ಆದರೆ ಜಲ್ಲಿ ಒಂದನ್ನೇ ನಂಬಿಕೊಂಡು ತೀರ್ಮಾನ ಮಾಡಬೇಡಿ, ಕೋಲಾರ ಸೀಮೆಯಲ್ಲಿ ಕ್ರಷರ್ ಇಲ್ಲದ ದಿಕ್ಕಿಲ್ಲ.

ಬಾಗಿದ ಏರಿ ಸಿಕ್ಕಿದರೆ ದಾರ ಹಿಡಿಯಿರಿ. ಹಳಿ ನೋಡಿಕೊಳ್ಳುವ ರೈಲ್ವೆ ಗ್ಯಾಂಗಿನವರ ಹಳೇ ಉಪಾಯ ಇದು: 11.8 ಮೀಟರ್ ಉದ್ದದ ದಾರವನ್ನು ತಿರುವಿಗೆ ಅಡ್ಡ ಬಿಗಿದು ಹಿಡಿದರೆ, ದಾರದ ಮಧ್ಯದಲ್ಲಿ ಎಷ್ಟು ಸೆಂಟಿಮೀಟರ್ ಅಂತರ ಇದೆಯೋ ಅಷ್ಟು ಡಿಗ್ರಿ ತಿರುವು. ಹಳಿ ಇದ್ದಾಗ ಇದು ಸರಿ. ನಮಗೆ ಸಿಗುವುದು ಸವೆದ ಮಣ್ಣಿನ ಅಂಚು, ಅಲ್ಲಿ ಒಂದೆರಡು ಸೆಂಟಿಮೀಟರ್ ಹಿಡಿಯಲು ಆಗುವುದಿಲ್ಲ. ಅದಕ್ಕೆ ದಾರವನ್ನು ಎರಡರಷ್ಟು ಮಾಡಿ, 23.6 ಮೀಟರ್. ಆಗ ಪ್ರತಿ ಡಿಗ್ರಿಗೆ 4 ಸೆಂಟಿಮೀಟರ್ ಬರುತ್ತದೆ. 48 ಸೆಂಟಿಮೀಟರ್ ಬಂತು ಅಂದುಕೊಳ್ಳಿ, 12 ಡಿಗ್ರಿ, ತ್ರಿಜ್ಯ ಸುಮಾರು 146 ಮೀಟರ್. ಬ್ರಾಡ್ ಗೇಜ್ ಮಿತಿ ದಾಟಿತು. ಮೂರು ನಾಲ್ಕು ಕಡೆ ಅಳೆದು ನೋಡಿ, ಹತ್ತಿರ ಹತ್ತಿರ ಒಂದೇ ಲೆಕ್ಕ ಬಂದರೆ ರೈಲಿನ ತಿರುವು. ಒಂದೊಂದು ಕಡೆ ಒಂದೊಂದು ಬಂದರೆ ಎತ್ತುಗಳು ಮಾಡಿದ ದಾರಿ.

ಹಂತ 6: ಮೋರಿಯನ್ನು ಓದಿ

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಮೋರಿ. ಹಳಿ ಕಿತ್ತು ಹರಾಜಾಗುತ್ತದೆ, ಹಳಿಯ ಕೆಳಗಿನ ಅಡ್ಡದಿಮ್ಮಿ, ಅಂದರೆ ಸ್ಲೀಪರ್, ಸೌದೆಯಾಗುತ್ತದೆ, ಮೋರಿಯ ಕಲ್ಲನ್ನು ಕೀಳಲು ಬಹಳ ಜನಕ್ಕೆ ಪುರುಸೊತ್ತಿಲ್ಲ.

ಏರಿಯಿಂದ ಕೆಳಗಿಳಿದು ಹಳ್ಳದ ಪಕ್ಕ ನಿಂತು ಎದುರಿಗೆ ನೋಡಿ. ಸಣ್ಣ ಮೋರಿಯಾದರೆ ಎರಡು ಪಕ್ಕ ಕಲ್ಲಿನ ಗೋಡೆ, ಮೇಲೆ ಉದ್ದ ಚಪ್ಪಡಿ. ಸ್ವಲ್ಪ ದೊಡ್ಡದಾದರೆ ಕಮಾನು. ಕಲ್ಲಿನ ಮುಖ ನೋಡಿ, ಉಳಿಯಲ್ಲಿ ಕೆತ್ತಿದ ಗುರುತು ಕಾಣುತ್ತದೆ, ಅಂಚು ಮಾತ್ರ ನಯ ಮಾಡಿ ಮಧ್ಯ ಉಬ್ಬಾಗಿ ಬಿಟ್ಟಿರುವುದುಂಟು. ಕಲ್ಲು ಕಲ್ಲಿನ ಸಂದಿಯಲ್ಲಿ ಬೆರಳು ಇಟ್ಟು ನೋಡಿ. ಬಿಳಿ, ಉಗುರಿಗೆ ಪುಡಿಯಾಗುವಂಥದ್ದು ಇದ್ದರೆ ಸುಣ್ಣದ ಗಾರೆ. ಬೂದು ಬಣ್ಣ, ಉಗುರು ಹೋಗುವುದಿಲ್ಲ ಅಂದರೆ ಸಿಮೆಂಟು, ಹೊಸದು ಅಥವಾ ಆಮೇಲೆ ರಿಪೇರಿ ಆದದ್ದು. ಆಮೇಲೆ ಮೋರಿಯ ಉದ್ದ ಅಳೆಯಿರಿ, ಅಂದರೆ ನೀರು ಹರಿಯುವ ದಿಕ್ಕಿನಲ್ಲಿ ಈ ಬಾಯಿಂದ ಆ ಬಾಯಿಗೆ. ಏರಿ ತಗ್ಗಾಗಿದ್ದು ಮೋರಿಯೂ ಹದಿನೈದು ಅಡಿಯ ಆಸುಪಾಸು ಇದ್ದರೆ ಮೇಲೆ ದೊಡ್ಡ ರೈಲು ಓಡಿಲ್ಲ ಅಂತಲೇ ಅರ್ಥ.

ಈಗಲೂ ರೈಲು ಓಡುವ ಸಾಲಿನ ಕೆಳಗಿನ ಮೋರಿಗಳನ್ನೂ ಬಿಡಬೇಡಿ. ಹತ್ತಿರ ಹೋಗಬೇಕಾಗಿಲ್ಲ, ಹೊಲದ ಬದುವಿನಿಂದಲೇ ನೋಡಿ. ಮೋರಿಯ ನಡುಭಾಗ ಹಳೇ ಕಲ್ಲು, ಎರಡೂ ತುದಿ ಕಾಂಕ್ರೀಟ್ ಇದ್ದರೆ ಹಳೇ ಮೋರಿಯನ್ನೇ ಎರಡೂ ಪಕ್ಕ ಉದ್ದ ಮಾಡಿ ಬ್ರಾಡ್ ಗೇಜ್‌ಗೆ ಒಗ್ಗಿಸಿದ್ದಾರೆ. ನನಗೆ ಒಂಟಿ ಏರಿಗಿಂತ ಇಂಥದ್ದು ಕಂಡರೆ ಖುಷಿ ಜಾಸ್ತಿ. ನೂರು ವರ್ಷದ ಹಿಂದಿನ ಒಡ್ಡರ ಕಲ್ಲುಕೆಲಸ ಇವತ್ತಿನ ರೈಲನ್ನು ಹೊತ್ತು ನಿಂತಿರುತ್ತದೆ.

ಹಳೇ ನಕ್ಷೆಯಲ್ಲಿ ಒಣ ಹಳ್ಳ ಅಂತ ಇದ್ದದ್ದು ಈಗ ಹಾಗೆ ಇರಬೇಕೆಂದಿಲ್ಲ. 2018ರಿಂದ ಬೆಂಗಳೂರಿನ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ, ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. (ಹೆಬ್ಬಾಳ–ನಾಗವಾರ) ವ್ಯಾಲಿ ನೀರು. ಬೇಸಿಗೆಯಲ್ಲಿ ನಡೆದು ದಾಟುತ್ತಿದ್ದ ಕೆರೆ ಅಂಗಳದಲ್ಲಿ ಈಗ ನೀರು ನಿಂತಿರಬಹುದು. ಅದು ಸಂಸ್ಕರಿಸಿದ ಕೊಳಚೆ ನೀರು, ಕಾಲಿಟ್ಟು ದಾಟುವ ಸಾಹಸ ಬೇಡ.

ಹಂತ 7: ಹಳಿ ತುಂಡುಗಳು ಊರೊಳಗೇ ಇರುತ್ತವೆ

ಹಳಿ ಹುಡುಕಬೇಕಾದರೆ ಏರಿ ಮೇಲಲ್ಲ, ಊರೊಳಗೆ ಹುಡುಕಿ. ಹರಾಜಿಗೆ ಹೋದ ಹಳಿ ಎಲ್ಲಿಗೆ ಬರುತ್ತದೆ? ದನದ ಕೊಟ್ಟಿಗೆಯ ತೊಲೆ, ಗೇಟಿನ ಕಂಬ, ಬಾವಿಯ ರಾಟೆ ತೂಗುಹಾಕಿದ ಅಡ್ಡಕಂಬಿ, ಶಾಲೆಯ ಗಂಟೆ. ಶಾಲೆಯ ಗಂಟೆಯನ್ನಂತೂ ಮರೆಯದೆ ನೋಡಿ.

ಎತ್ತರ ಅಳೆಯಿರಿ. ಈಗಿನ 60 ಕೆ.ಜಿ. ಹಳಿ, ಅಂದರೆ ಒಂದು ಮೀಟರಿಗೆ 60 ಕೆ.ಜಿ. ತೂಗುವಂಥದ್ದು, 172 ಮಿ.ಮೀ. ಎತ್ತರ. ಗಜಕ್ಕೆ 50 ಪೌಂಡಿನ ಹಳೇ ಹಳಿ ಸುಮಾರು 105 ಮಿ.ಮೀ. 30 ಪೌಂಡಿನದ್ದು ಇನ್ನೂ ಚಿಕ್ಕದು, ಮೀಟರಿಗೆ 15 ಕೆ.ಜಿ. ಅಷ್ಟೇ. ಹಳಿಯ ನಡುಭಾಗದಲ್ಲಿ ಉಬ್ಬಕ್ಷರ ಇದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ಓದಿ. ತಯಾರಿಸಿದವರ ಹೆಸರು, ತೂಕ, ವರ್ಷ ಸಿಗುತ್ತವೆ. ನೇರ ಬೆಳಕಿನಲ್ಲಿ ಏನೂ ಕಾಣದ ಹಳಿ ಓರೆ ಬೆಳಕಿನಲ್ಲಿ ಪೂರ್ತಿ ಓದಲು ಬರುತ್ತದೆ.

ಒಂದು ಎಚ್ಚರಿಕೆ. ಸಣ್ಣ ಹಳಿ ಕಂಡ ಕೂಡಲೇ ನಮ್ಮ ಸಾಲಿನದ್ದೇ ಅಂತ ಕುಣಿಯಬೇಡಿ. ಕೆ.ಜಿ.ಎಫ್. ಗಣಿಯೊಳಗೂ ಸಣ್ಣ ಗೇಜಿನ ಟ್ರಾಲಿ ಹಳಿಗಳಿದ್ದವು, 2001ರಲ್ಲಿ ಗಣಿ ಮುಚ್ಚಿತು. ಯಲಹಂಕ–ಹಿಂದೂಪುರ ಕಡೆಯ ಮೀಟರ್ ಗೇಜ್ ಹಳಿಯೂ ಗುಜರಿಗೆ ಬಂದಿದೆ. ವರ್ಷ, ತೂಕ, ಜೊತೆಗೆ ಮನೆಯವರ ಮಾತು, ಮೂರೂ ಹೊಂದಿದರೆ ಮಾತ್ರ ಬರೆದುಕೊಳ್ಳಿ.

ಹಂತ 8: ಸ್ಟೇಷನ್‌ಗಳು

ಕಟ್ಟಡ ನೋಡುವ ಆಸೆ ಇದ್ದರೆ ಯಲಹಂಕ–ಚಿಕ್ಕಬಳ್ಳಾಪುರ ಭಾಗಕ್ಕೆ ಬನ್ನಿ. ನಂದಿ ಹಾಲ್ಟ್ ಎಲ್ಲರಿಗೂ ಗೊತ್ತು, ಫೋಟೋ ತೆಗೆಸಿಕೊಳ್ಳುವವರ ಗುಂಪು ಭಾನುವಾರ ಇದ್ದೇ ಇರುತ್ತದೆ. ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯವರು ಈ ಸಾಲಿನ ಹಳೇ ಸ್ಟೇಷನ್ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಕೈಹಾಕಿದ್ದು ಒಳ್ಳೆಯ ಕೆಲಸ. ದೊಡ್ಡಜಾಲ, ಅವತಿಹಳ್ಳಿ ಕೂಡ ನೋಡಿ, ಅಲ್ಲಿ ಜನ ಕಡಿಮೆ.

ಹಳೇ ಸ್ಟೇಷನ್ನಿನಲ್ಲಿ ಕಟ್ಟಡದ ಫೋಟೋ ತೆಗೆದು ವಾಪಸ್ ಬರಬೇಡಿ. ಕಟ್ಟಡದ ನೆಲಗಟ್ಟಿಗೂ ಈಗಿನ ಪ್ಲಾಟ್‌ಫಾರಂಗೂ ಮಟ್ಟ ಹೋಲಿಸಿ. ಸಣ್ಣ ರೈಲಿಗೆ ಎತ್ತರದ ಪ್ಲಾಟ್‌ಫಾರಂ ಬೇಕಿರಲಿಲ್ಲ, ನೆಲದಿಂದಲೇ ಹತ್ತಬಹುದಿತ್ತು. ಕಟ್ಟಡದ ಹಿಂದೆ ಮುಂದೆ ಬಾವಿ ಇದೆಯಾ ನೋಡಿ. ಹಬೆ ಎಂಜಿನ್ನಿಗೆ ನೀರು ಬೇಕು, ನೀರಿಗೆ ಬಾವಿ ಬೇಕು, ಬಾವಿ ಪಕ್ಕ ಎತ್ತರದ ಕಲ್ಲಿನ ಕಟ್ಟೆ ಇದ್ದರೆ ಅದರ ಮೇಲೆ ಟ್ಯಾಂಕ್ ಕೂತಿತ್ತು ಅಂತ ತಿಳಿಯಿರಿ. ಸ್ಟೇಷನ್ ಇನ್ನೂ ಬಳಕೆಯಲ್ಲಿದ್ದರೆ ಒಳಗಿರುವ ಸಿಬ್ಬಂದಿಗೆ ಒಂದು ಮಾತು ಹೇಳಿ, ಪ್ಲಾಟ್‌ಫಾರಂ ಟಿಕೆಟ್ ಅಥವಾ ಪ್ರಯಾಣದ ಟಿಕೆಟ್ ಕೈಯಲ್ಲಿರಲಿ.

ಹಂತ 9: ಹಿರಿಯರನ್ನು ಕೇಳುವ ರೀತಿ

"ನ್ಯಾರೋ ಗೇಜ್ ಅಲೈನ್‌ಮೆಂಟ್ ಎಲ್ಲಿತ್ತು?" ಅಂತ ಕೇಳಿದರೆ ಯಾರೂ ಉತ್ತರ ಕೊಡುವುದಿಲ್ಲ. ಅರಳಿಕಟ್ಟೆ ಹತ್ತಿರ ಹೋಗಿ, ಕೂತುಕೊಂಡು, ಎರಡು ಮಾತು ಆಡಿ ಆಮೇಲೆ ಕೇಳಿ: "ತಾತಾ, ಹಳೇ ಸಣ್ಣ ರೈಲಿನ ಗೇಟು ಎಲ್ಲಿತ್ತು?"

ಹಳಿ ಎಲ್ಲಿತ್ತು ಅಂತಲ್ಲ, ಗೇಟು ಎಲ್ಲಿತ್ತು ಅಂತ. ಬಂಡಿ ಕಟ್ಟಿಕೊಂಡು ಗೇಟಿನಲ್ಲಿ ಕಾದವರಿಗೆ ಆ ಜಾಗ ಮರೆಯುವುದಿಲ್ಲ. ಒಂದು ಗೇಟು ಸಿಕ್ಕರೆ ದಾರಿಯ ಒಂದು ಬಿಂದು ಸಿಕ್ಕಿತು, ಎರಡು ಗೇಟು ಸಿಕ್ಕರೆ ಗೆರೆ ಎಳೆಯಬಹುದು. ಆಮೇಲೆ ರೈಲು ಕೆರೆಯ ಮೇಲ್ಗಡೆ ಹೋಗುತ್ತಿತ್ತಾ ಕೆಳಗಡೆಯಾ, ಎಲ್ಲಿ ಏದುಸಿರು ಬಿಡುತ್ತಿತ್ತು, ಎಲ್ಲಿ ಹುಡುಗರು ಓಡಿ ಹತ್ತುತ್ತಿದ್ದರು, ಇಂಥದ್ದು ಕೇಳಿ. ಏದುಸಿರು ಬಿಟ್ಟ ಜಾಗ ಅಂದರೆ ಏರು, ಅಲ್ಲೇ ಕಟಿಂಗ್ ಇರುತ್ತದೆ. ಚಿಂತಾಮಣಿ, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಮನೆಮಾತು ತೆಲುಗು ಇರುವವರು ಬಹಳ. ನಾಲ್ಕು ಮಾತು ತೆಲುಗು ಬಂದರೆ ಮಾತು ಉದ್ದ ಆಗುತ್ತದೆ, ಕಾಫಿಯೂ ಬರುತ್ತದೆ. ಹೆಂಗಸರನ್ನೂ ಕೇಳಿ. ಸಂತೆಗೆ ತರಕಾರಿ ಹೊತ್ತುಕೊಂಡು ಅದೇ ರೈಲಿನಲ್ಲಿ ಹೋದ ಅಜ್ಜಿಯರಿಗೆ ಸ್ಟೇಷನ್ನಿನ ಪ್ರತಿ ಮೂಲೆ ನೆನಪಿರುತ್ತದೆ.

ಯಾವಾಗ, ಏನು ತಗೊಂಡು ಹೋಗಬೇಕು, ಏನು ಮಾಡಬಾರದು

ಡಿಸೆಂಬರ್–ಫೆಬ್ರವರಿ ಒಳ್ಳೆಯ ಸಮಯ. ರಾಗಿ ಕೊಯ್ಲು ಮುಗಿದಿರುತ್ತದೆ, ಹೊಲ ಖಾಲಿ, ದೂರದವರೆಗೆ ಕಾಣುತ್ತದೆ. ಅವರೆಕಾಯಿ ಕಾಲವೂ ಹೌದು, ಹೊಟ್ಟೆಗೆ ಮೋಸ ಇಲ್ಲ. ಮಾವಿನ ಕಾಯಿ ಬಿಟ್ಟ ಮೇಲೆ ಶ್ರೀನಿವಾಸಪುರದ ತೋಪುಗಳೊಳಗೆ ಕಾಲಿಡಬೇಡಿ, ಕಾವಲಿನವರು ನಿಮ್ಮ ನ್ಯಾರೋ ಗೇಜ್ ಕಥೆ ನಂಬುವುದಿಲ್ಲ.

ಉದ್ದ ಪ್ಯಾಂಟು, ಪಾದ ಮುಚ್ಚುವ ಬೂಟು, ಟೋಪಿ, ಜಾಸ್ತಿ ನೀರು, ಒಂದು ಕೋಲು, ಬಟ್ಟೆಯ ಅಥವಾ ಫೈಬರಿನ ಅಳತೆ ಟೇಪು, ದಾರ, ಟಾರ್ಚು. ಕಬ್ಬಿಣದ ಟೇಪು ಬೇಡ, ಮೇಲೆ ವಿದ್ಯುತ್ ತಂತಿ ಎಳೆದ ಸಾಲಿನಲ್ಲಿ 25,000 ವೋಲ್ಟ್ ಇರುತ್ತದೆ. ಸೆಲ್ಫಿ ಕೋಲೂ ಬೇಡ. ಮೋರಿಯೊಳಗೆ ಕೈ ಹಾಕುವ ಮುಂಚೆ ಕೋಲಿನಲ್ಲಿ ತಟ್ಟಿ, ಕಲ್ಲು ಸಂದಿಯಲ್ಲಿ ಕೊಳಕುಮಂಡಲ ಇರಬಹುದು. ದೊಡ್ಡ ಸೇತುವೆಯ ಕೆಳಗೆ ಹೆಜ್ಜೇನು ಕಟ್ಟಿದ್ದರೆ ದೂರದಿಂದಲೇ ನಮಸ್ಕಾರ ಹಾಕಿ ವಾಪಸ್ ಬನ್ನಿ. ಒಬ್ಬರೇ ಹೋಗಬೇಡಿ.

ಓಡುವ ಸಾಲಿನ ಮೇಲೆ ನಡೆಯುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಹಳಿ ಇಲ್ಲದ ಹಳೇ ಏರಿಯೂ ಕಾಗದದಲ್ಲಿ ಇನ್ನೂ ರೈಲ್ವೆಯದ್ದೇ ಆಗಿರಬಹುದು. ಬಿದ್ದಿರುವ ಮೊಳೆ, ಸ್ಲೀಪರ್ ತುಂಡು ನೆನಪಿಗೆ ಅಂತ ಚೀಲಕ್ಕೆ ಹಾಕಿಕೊಳ್ಳಬೇಡಿ. ರೈಲ್ವೆ ಆಸ್ತಿ ಅಕ್ರಮವಾಗಿ ಇಟ್ಟುಕೊಂಡರೆ 1966ರ ಕಾಯ್ದೆಯಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ. ಡ್ರೋನ್ ಹಾರಿಸುವ ಯೋಚನೆ ದೇವನಹಳ್ಳಿ, ಯಲಹಂಕ ಕಡೆ ಬಿಟ್ಟೇಬಿಡಿ, ಒಂದು ಕಡೆ ವಿಮಾನ ನಿಲ್ದಾಣ, ಇನ್ನೊಂದು ಕಡೆ ವಾಯುಪಡೆ ನೆಲೆ.

ಹಂತ 10: ದಾಖಲೆ

ಮನೆಗೆ ಬಂದ ದಿನವೇ ಬರೆದಿಡಿ. ಪ್ರತಿ ಜಾಗಕ್ಕೂ ಜಿಪಿಎಸ್ ಅಂಕಿ, ತಾರೀಖು, ಯಾವ ದಿಕ್ಕಿಗೆ ಮುಖ ಮಾಡಿ ಫೋಟೋ ತೆಗೆದಿರಿ, ಅಳತೆ, ಯಾವ ಹಳೇ ನಕ್ಷೆಯ ಜೊತೆ ತಾಳೆ ನೋಡಿದಿರಿ. ಫೋಟೋದಲ್ಲಿ ಅಳತೆಗೆ ಏನಾದರೂ ಇರಲಿ, ಟೇಪೋ, ಒಂದು ಅಡಿ ಸ್ಕೇಲೋ. ಮೂರು ಥರ ವಿಂಗಡಿಸಿ: ಖಚಿತ, ಬಹುಶಃ, ಕೇಳಿದ್ದು. ಹಿರಿಯರ ಮಾತು 'ಕೇಳಿದ್ದು' ಪಟ್ಟಿಗೆ ಹೋಗಲಿ, ಅಳತೆಯೂ ನಕ್ಷೆಯೂ ಒಪ್ಪಿದ ಮೇಲೆ ಮಾತ್ರ ಮೇಲಕ್ಕೆ ಬರಲಿ. ಯಾರದಾದರೂ ಮನೆಯ ಹಳಿ ತುಂಡಿನ ಫೋಟೋ ಹಾಕುವ ಮುಂಚೆ ಅವರನ್ನು ಕೇಳಿ, ಹೆಸರು ಹಾಕಬೇಡಿ.

ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆದರೆ ಖಚಿತವಾದ ತುಂಡುಗಳನ್ನು ನೀವೇ ನಕ್ಷೆಗೆ ಸೇರಿಸಬಹುದು. ಏರಿ, ಕಟಿಂಗ್ ಇನ್ನೂ ಕಾಣುವ ಕಡೆಗೆ 'ಅಬ್ಯಾಂಡನ್ಡ್' ಅನ್ನುವ ಗುರುತು, ಉತ್ತು ಸಪಾಟಾದ ಕಡೆಗೆ 'ರೇಜ್ಡ್'. ಗೇಜ್ ಜಾಗದಲ್ಲಿ 762 ಅಂತ ತುಂಬಿ. ಹೊಲದ ಮೇಲೆ ಅಂದಾಜಿಗೆ ಗೆರೆ ಎಳೆಯಬೇಡಿ, ಎರಡು ಮೋರಿಗಳ ನಡುವೆ ಏನೂ ಕಾಣದಿದ್ದರೆ ಆ ಜಾಗ ಖಾಲಿ ಬಿಡಿ. ಮುಂದಿನ ಬೇಸಿಗೆಯಲ್ಲಿ ಇನ್ನೊಬ್ಬರು ಬಂದು ತುಂಬುತ್ತಾರೆ.